ಮಳೆಗಾಲದಲ್ಲೂ ನಡೆಯಬಹುದಾದ ಪೇಟೆ: ಮಲೆನಾಡಿನ ಪಟ್ಟಣವೊಂದರ ಪ್ರಕರಣ ಅಧ್ಯಯನ

ಶಿವಮೊಗ್ಗ ಜಿಲ್ಲೆಯ ಮಲೆನಾಡು ಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ಜನರ ಆರೋಗ್ಯವನ್ನು ಮುಂದಿಟ್ಟುಕೊಂಡು ರೂಪಿಸಿದ ಪಾದಚಾರಿ ದಾರಿಯೊಂದರ ವಿವರ ಇಲ್ಲಿದೆ. ಪಟ್ಟಣದ ಹೆಸರನ್ನಾಗಲಿ ಅಲ್ಲಿನ ವ್ಯಕ್ತಿಗಳ ಗುರುತನ್ನಾಗಲಿ ಕೊಟ್ಟಿಲ್ಲ. ಊರು ಪತ್ತೆಯಾಗದಂತೆ ಕೆಲವು ಸಣ್ಣ ವಿವರಗಳನ್ನು ಬದಲಿಸಲಾಗಿದೆ. ಆದರೆ ಯಾವ ಹಂತದಲ್ಲಿ ಯಾರು ಏನು ನಿರ್ಧರಿಸಿದರು, ಆ ನಿರ್ಧಾರ ಯಾಕೆ ಬದಲಾಯಿತು ಎಂಬುದನ್ನು ನಡೆದಂತೆಯೇ ಬರೆದಿದ್ದೇನೆ. ನಾನು ಈ ಕೆಲಸಕ್ಕೆ ಸಲಹೆ ನೀಡಿದ ಸಣ್ಣ ತಂಡದ ಸದಸ್ಯನಾಗಿದ್ದೆ.

ಹಿನ್ನೆಲೆ

ಪಟ್ಟಣ ಇಳಿಜಾರಿನ ಮೇಲಿದೆ. ಮೇಲ್ತುದಿಯಲ್ಲಿ ಬಸ್ ನಿಲ್ದಾಣ, ಕೆಳತುದಿಯಲ್ಲಿ ಹೊಳೆ. ಎರಡರ ನಡುವಿನ ಪೇಟೆ ರಸ್ತೆಯ ಇಕ್ಕೆಲಗಳಲ್ಲೇ ತಾಲ್ಲೂಕು ಆಸ್ಪತ್ರೆ, ಪ್ರೌಢಶಾಲೆ, ಅಡಿಕೆ ಮಂಡಿ, ತರಕಾರಿ ಮಾರುಕಟ್ಟೆ, ಸಂತೆ ಮೈದಾನ ಎಲ್ಲವೂ ಇವೆ. ರಸ್ತೆಯ ಮೇಲಿನ ಭಾಗ ರಾಜ್ಯ ಹೆದ್ದಾರಿಗೆ ಸೇರಿದ್ದು, ಕೆಳಗಿನದು ಮಾತ್ರ ಪಟ್ಟಣ ಪಂಚಾಯಿತಿಯದು. ಈ ಗಡಿ ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಪ್ರಕರಣದ ಕೊನೆಯಲ್ಲಿ ಅದೇ ಮುಖ್ಯವಾಯಿತು.

ಹಳೆಯ ಪೇಟೆಯ ಮನೆಗಳೆಲ್ಲ ಹೆಂಚಿನ ಮಾಡಿನವು. ಮಾಡು ಮುಂದಕ್ಕೆ ಚಾಚಿಕೊಂಡು ಅದರಡಿ ಜಗಲಿ ಇರುತ್ತಿತ್ತು. ಮಳೆ ಜೋರಾದರೆ ದಾರಿಹೋಕರು ಯಾರ ಜಗಲಿಯನ್ನಾದರೂ ಹತ್ತಿ ನಿಲ್ಲುತ್ತಿದ್ದರು, ಅದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಈಗ ಆ ಜಾಗದಲ್ಲಿ ಆರ್‌ಸಿಸಿ ಕಟ್ಟಡಗಳು ಬಂದು, ಅಂಗಡಿಯ ಶಟರ್ ಚರಂಡಿಯ ಅಂಚಿನವರೆಗೂ ಮುಂದೆ ಬಂದಿದೆ. ಮನೆಯವರೇ ಕಟ್ಟಿಸಿಕೊಂಡಿದ್ದ ಜಗಲಿಗಳು ಒಂದು ಕಾಲಕ್ಕೆ ಸಾರ್ವಜನಿಕ ಸೌಲಭ್ಯವೂ ಆಗಿದ್ದವು ಎಂಬುದು ಅವು ಹೋದ ಮೇಲೆಯೇ ಲೆಕ್ಕಕ್ಕೆ ಬಂದದ್ದು.

ಇನ್ನು ಮಳೆಯ ವಿಚಾರ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದ ಶಿವಮೊಗ್ಗ ನಗರದಲ್ಲಿ ಬೀಳುವುದು ಅದರ ಒಂದು ಸಣ್ಣ ಪಾಲು. ನಾವು ಕೆಲಸ ಮಾಡಿದ ಪಟ್ಟಣ ಈ ಎರಡರ ನಡುವೆ, ಆಗುಂಬೆಯ ಕಡೆಗೇ ವಾಲಿಕೊಂಡಿದೆ. ಹೀಗಿದ್ದರೂ ರಸ್ತೆ, ಚರಂಡಿ, ಕಾಲುದಾರಿಗಳ ಅಂದಾಜು ಪಟ್ಟಿ ತಯಾರಾಗುವಾಗ ಬಯಲುಸೀಮೆಯ ಪಟ್ಟಣಕ್ಕೂ ಇಲ್ಲಿಗೂ ಬಳಸುವ ನಮೂನೆ ಒಂದೇ.

ಸಮಸ್ಯೆ

ಪ್ರಶ್ನೆ ಹುಟ್ಟಿದ್ದು ಎಂಜಿನಿಯರುಗಳಿಂದಲ್ಲ, ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನಿಂದ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದವರಿಗೆ ತಿಂಗಳ ಮಾತ್ರೆ ಕೊಡುವ ಈ ವಿಭಾಗದ ಶುಶ್ರೂಷಕಿ, ತಮ್ಮ ರೋಗಿಗಳು ಬೇಸಿಗೆಯಲ್ಲಿ ನಿಯಮಿತವಾಗಿ ನಡೆಯುತ್ತಾರೆ, ಮುಂಗಾರು ಹಿಡಿದ ಮೇಲೆ ನಡೆಯುವುದನ್ನೇ ಬಿಡುತ್ತಾರೆ, ದಸರಾ ಹೊತ್ತಿಗೆ ತೂಕವೂ ಸಕ್ಕರೆಯೂ ಏರಿಸಿಕೊಂಡು ಬರುತ್ತಾರೆ ಎಂದು ಹಲವು ವರ್ಷಗಳಿಂದ ಹೇಳುತ್ತಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಚುರುಕು ನಡಿಗೆಯಂಥ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವರ್ಷದ ಮೂರನೇ ಒಂದು ಭಾಗ ಆ ಸಲಹೆ ಪಾಲಿಸಲಾಗದಂತಿರುವ ಊರಿನಲ್ಲಿ ವೈದ್ಯರು ಅದನ್ನು ಚೀಟಿಯಲ್ಲಿ ಬರೆದುಕೊಡುತ್ತಾ ಹೋಗುವುದರಿಂದ ಆಗುವುದು ಅಷ್ಟಕ್ಕಷ್ಟೆ.

ಪಟ್ಟಣ ಪಂಚಾಯಿತಿ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಊರಿನ ಆರೋಗ್ಯಕ್ಕೆ ಹಣ ಮೀಸಲಿಡುವ ನಿರ್ಣಯ ಮಾಡಿತು. ನಿರ್ಣಯದ ಉದ್ದೇಶದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಹಣವನ್ನು ಎಲ್ಲಿ ಹಾಕಬೇಕೆಂಬುದರಲ್ಲಿ ಮಾತ್ರ ದಾರಿ ಕವಲೊಡೆಯಿತು.

ಮೊದಲ ಎರಡು ಪ್ರಯತ್ನಗಳು

ಮೊದಲು ಆದದ್ದು ಊರ ಹೊರಗಿನ ಕೆರೆಯ ಪಕ್ಕದ ಉದ್ಯಾನ. ಸುತ್ತ ನಡಿಗೆಯ ಪಥ, ನಡುವೆ ತೆರೆದ ಜಿಮ್ಮಿನ ಉಪಕರಣಗಳು. ಬೆಳಿಗ್ಗೆ ಬೈಕಿನಲ್ಲಿ ಬರುವ ಯುವಕರಿಗೆ, ಕಾರಿನಲ್ಲಿ ಬರುವ ಕೆಲವು ಕುಟುಂಬಗಳಿಗೆ ಅದು ಉಪಯೋಗವಾಯಿತು, ಈಗಲೂ ಆಗುತ್ತಿದೆ. ಅದನ್ನು ದಂಡದ ಖರ್ಚು ಎನ್ನಲು ನಾನು ಸಿದ್ಧನಿಲ್ಲ. ಆದರೆ ಕ್ಲಿನಿಕ್‌ಗೆ ಬರುವವರಲ್ಲಿ ಹೆಚ್ಚಿನವರು ಮನೆಗೆಲಸ ಮುಗಿಸಿಕೊಂಡು ಪೇಟೆಗೆ ಬರುವ ಹೆಂಗಸರು ಮತ್ತು ವಯಸ್ಸಾದವರು. ನಡೆಯುವುದಕ್ಕಾಗಿಯೇ ಆಟೋ ಹಿಡಿದು ಕೆರೆಯವರೆಗೆ ಹೋಗಬೇಕೆಂದರೆ ಅವರು ನಕ್ಕುಬಿಡುತ್ತಿದ್ದರು. ಮಳೆಗಾಲದಲ್ಲಿ ಉದ್ಯಾನದ ಗೇಟು ತೆರೆದಿದ್ದರೂ ಒಳಗೆ ಜನವಿರುತ್ತಿರಲಿಲ್ಲ.

ಎರಡನೆಯದು ಪೇಟೆ ರಸ್ತೆಯ ಎರಡೂ ಬದಿಗೆ ಇಂಟರ್‌ಲಾಕ್ ಕಲ್ಲು ಹಾಸಿದ ಕಾಲುದಾರಿ. ಏಪ್ರಿಲ್‌ನಲ್ಲಿ ಕಾಮಗಾರಿ ಮುಗಿದಾಗ ಅದು ನೋಡಲು ಚೆನ್ನಾಗಿಯೇ ಇತ್ತು. ಆರಿದ್ರಾ ಮಳೆ ಹಿಡಿದ ಮೇಲೆ ಅದರ ಮೇಲೆ ಹಾವಸೆ ಕಟ್ಟಿತು. ಪಾದಚಾರಿಗಳು ಜಾರಿ ಬಿದ್ದರು, ಅದರಲ್ಲೂ ಇಳಿಜಾರು ಹೆಚ್ಚಿದ್ದ ಆಸ್ಪತ್ರೆಯ ಮುಂಭಾಗದಲ್ಲಿ. ಕೆಲವೇ ವಾರಗಳಲ್ಲಿ ಜನ ಕಾಲುದಾರಿ ಬಿಟ್ಟು ವಾಹನಗಳ ನಡುವೆ ಡಾಂಬರಿನ ಮೇಲೆ ನಡೆಯತೊಡಗಿದರು. ವಾರ್ಡ್ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರನ್ನು ಮುಖ್ಯಾಧಿಕಾರಿ, “ಟೀಚರಮ್ಮ, ಫುಟ್‌ಪಾತ್ ಮಾಡಿಸಿಕೊಟ್ಟ ಮೇಲೂ ನೀವು ರಸ್ತೆ ಮೇಲೆ ನಡೆದರೆ ಹೆಂಗೆ?” ಎಂದು ಕೇಳಿದಾಗ, ಅವರು, “ಬಸ್ಸಿಗಾದ್ರೆ ಬ್ರೇಕ್ ಇರ್ತದೆ ಸಾರ್, ಹಾವಸೆಗೆ ಇರೋದಿಲ್ಲ” ಎಂದರು. ಸಭೆ ನಕ್ಕಿತು, ಮಾತು ಮಾತ್ರ ನಡಾವಳಿ ಪುಸ್ತಕಕ್ಕೆ ಸೇರಿತು.

ಹಾವಸೆಯನ್ನು ಮಲೆನಾಡಿನ ಹಣೆಬರಹವೆಂದು ಬಿಟ್ಟುಬಿಡುವುದು ಸುಲಭ. ಸ್ಥಳದಲ್ಲಿ ನಿಂತು ನೋಡಿದರೆ ಕಾರಣಗಳು ಒಂದೊಂದಾಗಿ ಕಾಣುತ್ತಿದ್ದವು. ಕಾಲುದಾರಿಗೆ ಅಡ್ಡ ಇಳಿಜಾರು ಕೊಟ್ಟಿರಲಿಲ್ಲವಾದ್ದರಿಂದ ನೀರು ಮೇಲೆಯೇ ನಿಲ್ಲುತ್ತಿತ್ತು. ಅಂಗಡಿಗಳ ಮುಂದೆ ಇಳಿಬಿಟ್ಟ ತಗಡಿನ ಶೀಟುಗಳ ನೀರು ಚರಂಡಿಗೆ ಬೀಳುವ ಬದಲು ನಡೆಯುವವರ ದಾರಿಯ ನಟ್ಟನಡುವೆ ಸುರಿಯುತ್ತಿತ್ತು. ಒಂದು ಬದಿಗೆ ಎತ್ತರದ ಕಟ್ಟಡಗಳ ನೆರಳಿದ್ದು, ಬಿಸಿಲು ಬಿದ್ದ ದಿನವೂ ಕಲ್ಲು ಒಣಗುತ್ತಿರಲಿಲ್ಲ. ಕೆಲವು ಅಂಗಡಿಯವರು ತಮ್ಮ ಮುಂಭಾಗಕ್ಕೆ ಮನೆಯೊಳಗೆ ಹಾಕುವ ನುಣುಪು ಟೈಲ್ಸನ್ನೇ ಹಾಕಿಸಿದ್ದರು, ಬೈಕ್ ಹತ್ತಿಸಲು ಅಲ್ಲಲ್ಲಿ ಇಳಿಜಾರನ್ನೂ ಮಾಡಿಕೊಂಡಿದ್ದರು. ಇವುಗಳಲ್ಲಿ ಒಂದನ್ನೂ ಬೇಸಿಗೆಯಲ್ಲಿ ತಯಾರಾದ ನಕ್ಷೆ ಗುರುತಿಸಿರಲಿಲ್ಲ.

ಪುನರ್ವಸು ಮಳೆಯಲ್ಲಿ ನಡೆದ ಸಮೀಕ್ಷೆ

ನನ್ನ ಲೆಕ್ಕದಲ್ಲಿ ಪ್ರಕರಣದ ದಿಕ್ಕು ಬದಲಾದದ್ದು ಇಲ್ಲಿ. ಅದಕ್ಕೂ ಹಿಂದೆ ಮಾರ್ಚ್‌ನಲ್ಲಿ ನಡೆದಿದ್ದ ಸಮೀಕ್ಷೆ ಜನರಿಗೆ ಏನು ಬೇಕೆಂದು ಕೇಳಿತ್ತು, ಜನ ಉದ್ಯಾನ ಬೇಕೆಂದಿದ್ದರು. ಪಂಚಾಯಿತಿಯ ಕಿರಿಯ ಎಂಜಿನಿಯರ್ ಈ ಬಾರಿ ಜುಲೈನಲ್ಲಿ, ಪುನರ್ವಸು ಮಳೆಯಲ್ಲಿ, ಯಾರಿಗೂ ಪ್ರಶ್ನೆ ಕೇಳದೆ, ಕೊಡೆ ಹಿಡಿದು ಓಡಾಡುವವರ ಹಿಂದೆ ನಡೆದು ನೋಡೋಣವೆಂದರು. ಬೆಳಿಗ್ಗೆ ಶಾಲೆಯ ಹೊತ್ತು, ಆಸ್ಪತ್ರೆಯ ಹೊರರೋಗಿ ವಿಭಾಗದ ಹೊತ್ತು, ಸಂಜೆ ಬಸ್ಸಿನ ಹೊತ್ತು, ಇವುಗಳನ್ನೇ ಆರಿಸಿಕೊಂಡು, ನಡೆಯುವವರು ಎಲ್ಲಿ ಕಾಲುದಾರಿಯಿಂದ ರಸ್ತೆಗೆ ಇಳಿಯುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ರಸ್ತೆ ದಾಟುತ್ತಾರೆ ಎಂಬುದನ್ನು ನಕ್ಷೆಯ ಮೇಲೆ ಗುರುತು ಹಾಕಲಾಯಿತು.

ನೋಟ ಬದಲಾಗಿಹೋಯಿತು. ಆರೋಗ್ಯಕ್ಕಾಗಿ ನಡೆಯುವವರು ಮಳೆಯಲ್ಲಿ ಯಾರೂ ಇರಲಿಲ್ಲ. ಕೆಲಸಕ್ಕಾಗಿ ನಡೆಯುವವರು ಬೇಕಾದಷ್ಟಿದ್ದರು. ಬಸ್ಸಿಳಿದು ಆಸ್ಪತ್ರೆಗೆ ಹೋಗುವವರು, ಮಕ್ಕಳನ್ನು ಶಾಲೆಗೆ ಬಿಡುವ ತಾಯಂದಿರು, ಮಂಡಿಗೆ ಬಂದ ಸಣ್ಣ ಹಿಡುವಳಿದಾರರು, ತರಕಾರಿ ಚೀಲ ಹೊತ್ತವರು. ಇವರು ದಿನಕ್ಕೆರಡು ಬಾರಿ ಈ ಇಳಿಜಾರನ್ನು ಹತ್ತಿ ಇಳಿದರೆ ವೈದ್ಯರು ಹೇಳುವ ನಡಿಗೆಯ ದೊಡ್ಡ ಪಾಲು ತಾನಾಗಿಯೇ ಪೂರೈಸುತ್ತದೆ. ದಾರಿ ಅಪಾಯದ್ದಾದರೆ ಅವರು ಆಟೋ ಹತ್ತುತ್ತಾರೆ ಇಲ್ಲವೇ ಪೇಟೆಯ ಕೆಲಸವನ್ನೇ ವಾರಕ್ಕೊಂದಕ್ಕೆ ಇಳಿಸಿಕೊಳ್ಳುತ್ತಾರೆ. ಹಾಗಾಗಿ ವ್ಯಾಯಾಮಕ್ಕೆ ಜಾಗ ಒದಗಿಸುವುದರ ಬದಲು, ಹೇಗೂ ನಡೆಯಬೇಕಾದ ದಾರಿಯನ್ನು ಮಳೆಯಲ್ಲಿ ಕೈಬಿಡದಂತೆ ಉಳಿಸಿಕೊಳ್ಳುವುದೇ ಆರೋಗ್ಯದ ಕೆಲಸ ಎಂಬ ತೀರ್ಮಾನಕ್ಕೆ ತಂಡ ಬಂತು.

ಅಳತೆಯ ವಿಷಯದಲ್ಲೂ ಆ ಸಮೀಕ್ಷೆ ಒಂದು ಪಾಠ ಹೇಳಿತು. ಪಾದಚಾರಿ ಸೌಲಭ್ಯಗಳ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಕಾಲುದಾರಿಗೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವನ್ನು, ವ್ಯಾಪಾರದ ರಸ್ತೆಗಳಲ್ಲಿ 2.5 ಮೀಟರನ್ನು ಹೇಳುತ್ತದೆ. ಬಿಚ್ಚಿದ ಕೊಡೆಯೊಂದು ಸುಮಾರು ಒಂದು ಮೀಟರ್ ಅಗಲ. ಎದುರುಬದುರಾದ ಎರಡು ಕೊಡೆಗಳು 1.8 ಮೀಟರಿನಲ್ಲಿ ಹಾಯಲಾರವು, ಒಬ್ಬರು ರಸ್ತೆಗೆ ಇಳಿಯಲೇಬೇಕು. ಇಳಿಯುವವರು ಬಹುಪಾಲು ಹೆಂಗಸರು ಮತ್ತು ಮಕ್ಕಳು. ಈ ಒಂದು ಅವಲೋಕನವೇ ಮುಂದಿನ ವಿನ್ಯಾಸವನ್ನು ನಿರ್ಧರಿಸಿತು.

ಮೂರು ಆಯ್ಕೆಗಳು

ಮೊದಲ ಸಲಹೆ ಪೇಟೆಯ ಹಿಂದಿನ ಓಣಿಯನ್ನು ಪಾದಚಾರಿಗಳಿಗೆ ಬಿಡುವುದು. ಶಿವಮೊಗ್ಗ ನಗರ 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೇಲೆ ಅಲ್ಲಿನ ಹಳೆಯ ಬಡಾವಣೆಗಳ ಕನ್ಸರ್ವೆನ್ಸಿ ಓಣಿಗಳನ್ನು, ಅಂದರೆ ಸ್ವಚ್ಛತಾ ಕೆಲಸಕ್ಕೆಂದು ಮನೆಗಳ ಹಿಂದೆ ಬಿಟ್ಟಿದ್ದ ಕಿರುದಾರಿಗಳನ್ನು, ಅಭಿವೃದ್ಧಿಪಡಿಸಿದ್ದನ್ನು ಹಲವರು ನೋಡಿದ್ದರು. ಇಲ್ಲಿಯೂ ಅದೇ ಮಾಡಬಹುದೆಂಬ ಉತ್ಸಾಹವಿತ್ತು. ಹೆಂಗಸರ ಸ್ವಸಹಾಯ ಗುಂಪುಗಳ ಸಭೆಯಲ್ಲಿ ಈ ಸಲಹೆ ಒಂದೇ ಕೂರಿಕೆಯಲ್ಲಿ ಬಿದ್ದುಹೋಯಿತು. ಇಕ್ಕೆಲದಲ್ಲೂ ಕಾಂಪೌಂಡ್ ಗೋಡೆ, ಒಂದೇ ಒಂದು ಕಿಟಕಿ ಇಲ್ಲ, ಮಳೆಗಾಲದಲ್ಲಿ ಸಂಜೆ ಐದೂವರೆಗೇ ಕತ್ತಲು, ಕರೆಂಟು ಹೋಗುವುದು ಮಾಮೂಲು. “ಅಲ್ಲಿ ಕೂಗಿದರೆ ಯಾರಿಗೆ ಕೇಳ್ತದೆ?” ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರವಿರಲಿಲ್ಲ. ನಗರದಲ್ಲಿ ಸರಿಹೋದ ಮಾದರಿಯನ್ನು ಸಣ್ಣ ಪಟ್ಟಣಕ್ಕೆ ತರುವಾಗ ಎರಡೂ ಕಡೆಯ ಮನೆಗಳ ಮುಖ ಎತ್ತ ಇದೆಯೆಂದು ಮೊದಲು ನೋಡಬೇಕು.

ಎರಡನೆಯದು ಉದ್ದಕ್ಕೂ ತಗಡಿನ ಮಾಡು. ಖರ್ಚಿನ ಕಾರಣಕ್ಕೂ, ಮಾಡಿನ ಕೆಳಗೆ ಬೈಕುಗಳೇ ತುಂಬಿಕೊಳ್ಳುತ್ತವೆ ಎಂಬ ಕಾರಣಕ್ಕೂ ಅದನ್ನು ಬೇಗ ಕೈಬಿಡಲಾಯಿತು.

ಉಳಿದದ್ದು ಚರಂಡಿಯ ಮೇಲಿನ ಚಪ್ಪಡಿ ದಾರಿ. ಪಂಚಾಯಿತಿಯ ಲೆಕ್ಕಶೀರ್ಷಿಕೆಗಳಲ್ಲಿ ಪಾದಚಾರಿ ದಾರಿಗೆಂದು ಬೇರೆ ಹಣವಿರಲಿಲ್ಲ, ಚರಂಡಿ ಕಾಮಗಾರಿಗೆ ಇತ್ತು. ಚರಂಡಿಯನ್ನು ಅಗಲಗೊಳಿಸಿ ಮುಚ್ಚಿದರೆ ಅದರ ಮೇಲೆ ದಾರಿ ಸಿಗುತ್ತಿತ್ತು. ಇಲ್ಲಿ ತೆಗೆದುಕೊಂಡ ದಿಟ್ಟ ನಿರ್ಧಾರವೆಂದರೆ, ಎರಡೂ ಬದಿಗೆ ಸಣ್ಣ ಕಾಲುದಾರಿ ಮಾಡುವ ಬದಲು, ಬೆಳಗಿನ ಬಿಸಿಲು ಬೀಳುವ ಒಂದೇ ಬದಿಗೆ 2.5 ಮೀಟರಿಗೆ ಕಡಿಮೆಯಿಲ್ಲದ ದಾರಿ ಮಾಡುವುದು. ಆಸ್ಪತ್ರೆಯೂ ಶಾಲೆಯೂ ಆ ಬದಿಗೇ ಇದ್ದವು. ಆ ಬದಿಯ ಅಂಗಡಿಯವರು ವಾಹನ ನಿಲ್ಲಿಸುವ ಜಾಗ ಹೋಗುತ್ತದೆಂದು ವಿರೋಧಿಸಿದರು. ವಾರದ ಆರು ದಿನ ಖಾಲಿಯಿರುವ ಸಂತೆ ಮೈದಾನವನ್ನು ದ್ವಿಚಕ್ರ ವಾಹನಗಳಿಗೆ ಬಿಟ್ಟುಕೊಟ್ಟದ್ದರಿಂದ ವಿರೋಧ ತಗ್ಗಿತು, ನಿಲ್ಲಲಿಲ್ಲ. ತಗಡಿನ ಶೀಟಿಗೆ ದೋಣಿ ಕಟ್ಟಿ ಪೈಪಿನ ಮೂಲಕ ನೀರನ್ನು ಚರಂಡಿಗೆ ಇಳಿಸಿದವರಿಗೆ ಅಂಗಡಿಯ ಮೆಟ್ಟಿಲನ್ನು ಪಂಚಾಯಿತಿಯೇ ಕಟ್ಟಿಕೊಡುವುದೆಂಬ ಒಪ್ಪಂದ ಮಾತ್ರ ಚೆನ್ನಾಗಿ ಕೆಲಸ ಮಾಡಿತು.

ಹೂವು, ಸೊಪ್ಪು ಮಾರುವವರ ಪ್ರಶ್ನೆಯೂ ಇತ್ತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ಮಾರಾಟ ಸಮಿತಿಯಲ್ಲಿ ಚರ್ಚಿಸದೆ ಅವರನ್ನು ಎಬ್ಬಿಸುವಂತಿರಲಿಲ್ಲ. ದಾರಿಯ ಒಳಗೆ ಅಲ್ಲ, ಆಸ್ಪತ್ರೆಯ ಕಾಂಪೌಂಡಿನ ಮುಂದೆ ದಾರಿ ಅಗಲವಾಗುವ ಮೂಲೆಯಲ್ಲಿ ಅವರಿಗೆ ಜಾಗ ಗುರುತಿಸಲಾಯಿತು. ಅವರು ಕೂತಿದ್ದರಿಂದ ಕತ್ತಲಾದ ಮೇಲೂ ಆ ಮೂಲೆ ನಿರ್ಜನವಾಗಲಿಲ್ಲ, ಇದನ್ನು ಮೊದಲೇ ಊಹಿಸಿದ್ದವರು ಸ್ವಸಹಾಯ ಗುಂಪಿನ ಹೆಂಗಸರು.

ಚಪ್ಪಡಿ ಎತ್ತುವವರ ಮಾತು

ವಿನ್ಯಾಸದಲ್ಲಿ ಎಂಜಿನಿಯರುಗಳಿಗೆ ಇಷ್ಟವಾಗಿದ್ದದ್ದು ಸ್ಥಳದಲ್ಲೇ ಎರಕ ಹೊಯ್ಯುವ ಕಾಂಕ್ರೀಟ್ ಮುಚ್ಚಳ. ಸಂದಿಲ್ಲದ್ದು, ಅಲುಗದ್ದು, ಗಾಲಿಕುರ್ಚಿಗೂ ಅನುಕೂಲ. ಚರಂಡಿ ಸ್ವಚ್ಛಗೊಳಿಸುವ ಪೌರಕಾರ್ಮಿಕರನ್ನು ಆರೋಗ್ಯ ನಿರೀಕ್ಷಕರು ಸಭೆಗೆ ಕರೆಸಿದ್ದರಿಂದ ಈ ನಿರ್ಧಾರ ತಿರುಗಿತು. ಊರಿಗೆ ಒಳಚರಂಡಿ ಇಲ್ಲ, ಹಲವು ಶೌಚಗುಂಡಿಗಳ ಹೆಚ್ಚುವರಿ ನೀರು ಈ ಚರಂಡಿಗೇ ಬರುತ್ತದೆ, ಮಳೆಗಾಲದಲ್ಲಿ ಮಣ್ಣು, ಎಲೆ, ಅಡಿಕೆ ಸಿಪ್ಪೆ ಸೇರಿ ಅದು ಕಟ್ಟಿಕೊಳ್ಳುತ್ತದೆ. ಮುಚ್ಚಿಬಿಟ್ಟರೆ ಯಾರಾದರೂ ಒಳಗೆ ನುಸುಳಬೇಕಾಗುತ್ತದೆ. ಮನುಷ್ಯರನ್ನು ಅಂಥ ಅಪಾಯದ ಕೆಲಸಕ್ಕೆ ಇಳಿಸುವುದನ್ನು ತಡೆಯಲೆಂದೇ 2013ರ ಕಾಯ್ದೆ ಬಂದಿರುವಾಗ, ಹೊಸ ಕಾಮಗಾರಿಯೇ ಆ ಪರಿಸ್ಥಿತಿಯನ್ನು ಹುಟ್ಟುಹಾಕುವುದು ಸರಿಯಲ್ಲವೆಂದು ಮುಖ್ಯಾಧಿಕಾರಿ ಒಪ್ಪಿದರು. ಇಬ್ಬರು ಹಾರೆ ಹಾಕಿ ಎತ್ತಬಲ್ಲಷ್ಟೇ ಗಾತ್ರದ ಕಲ್ಲಿನ ಚಪ್ಪಡಿ, ಅದಕ್ಕೆ ಹಾರೆ ತೂರುವ ಕಿಂಡಿ, ಮೇಲ್ಮೈಗೆ ಉಳಿಯಿಂದ ಒರಟು ಗೀರು, ರಸ್ತೆಯ ಕಡೆಗೆ ಸಣ್ಣ ಅಡ್ಡ ಇಳಿಜಾರು, ಅಲ್ಲಲ್ಲಿ ಕಬ್ಬಿಣದ ಜಾಲರಿ ಎಂದು ತೀರ್ಮಾನವಾಯಿತು.

ಇದೇ ಹೊತ್ತಿಗೆ ಊರಿನ ಎಲ್ಲ ಚರಂಡಿಗಳನ್ನೂ ಮುಚ್ಚಿದರೆ ಡೆಂಗಿ ನಿಲ್ಲುತ್ತದೆಂಬ ಒತ್ತಾಯವೂ ಬಂತು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ ಮೇಲೆ ಆ ಭಯ ಸಹಜವೇ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಕೊಳಚೆಯ ಚರಂಡಿಯಲ್ಲಲ್ಲ, ಮನೆಯ ಸುತ್ತ ನಿಂತ ತಿಳಿನೀರಿನಲ್ಲಿ: ಮುಚ್ಚದ ಡ್ರಮ್ಮು, ಹಳೆಯ ಟೈರು, ತೆಂಗಿನ ಚಿಪ್ಪು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ಆರೋಗ್ಯ ನಿರೀಕ್ಷಕರು ಇದನ್ನು ಬಾಟಲಿಯಲ್ಲಿ ಮರಿಹುಳುಗಳನ್ನು ತಂದು ತೋರಿಸಿಯೇ ಹೇಳಬೇಕಾಯಿತು. ಇಲ್ಲವಾದರೆ ಹಣ ಬೇರೆ ಕಡೆ ಹರಿದುಹೋಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಅತಿ ಕಡಿಮೆ ಖರ್ಚಿನ ಬಾಬತ್ತು. ಮಳೆಗೆ ಮೊದಲು ಒಮ್ಮೆ, ಆಮೇಲೆ ಮಳೆಗಾಲದುದ್ದಕ್ಕೂ ಕಾಲಕಾಲಕ್ಕೆ ಚಪ್ಪಡಿಯ ಹಾವಸೆಯನ್ನು ಗಡುಸು ಪೊರಕೆಯಿಂದ ಉಜ್ಜಿ ತೆಗೆಯಲು ವಾರ್ಷಿಕ ಆಯವ್ಯಯದಲ್ಲೇ ಪ್ರತ್ಯೇಕ ಸಾಲು ಇರಬೇಕೆಂದು ತಂಡ ಕೇಳಿತು. “ಹಾವಸೆ ತೆಗೆಯೋದಕ್ಕೂ ಬಜೆಟ್ಟಾ ಮಾರಾಯ್ರೇ” ಎಂದು ಸದಸ್ಯರೊಬ್ಬರು ನಗೆಯಾಡಿದರು. ಮಲೆನಾಡಿನ ಮನೆಗಳಲ್ಲಿ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವುದು, ಮೆಟ್ಟಿಲಿಗೆ ಸುಣ್ಣ ಹಾಕಿ ಉಜ್ಜುವುದು ಪ್ರತಿವರ್ಷದ ಕೆಲಸ. ಅದನ್ನು ಮನೆಯಲ್ಲಿ ತಪ್ಪದೆ ಮಾಡಿಸುವವರೇ ಊರಿನ ದಾರಿಗೆ ಬಂದಾಗ ಒಮ್ಮೆ ಕಲ್ಲು ಹಾಸಿದರೆ ಮುಗಿಯಿತೆಂದುಕೊಳ್ಳುವುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ. ಬ್ಲೀಚಿಂಗ್ ಪುಡಿ ಸುರಿಯುವ ಸಲಹೆಯನ್ನು, ಚರಂಡಿಯ ನೀರು ನೇರ ಹೊಳೆಗೆ ಸೇರುವುದರಿಂದ, ಮಿತವಾಗಿ ಮಾತ್ರ ಒಪ್ಪಲಾಯಿತು. ಅಧ್ಯಕ್ಷೆ ಪಟ್ಟು ಹಿಡಿದದ್ದರಿಂದ ಆ ಸಾಲು ಉಳಿಯಿತು.

ಏನಾಯಿತು

ಮುಂದಿನ ಮಳೆಗಾಲದಲ್ಲಿ ಅದೇ ಹೊತ್ತುಗಳಲ್ಲಿ, ಅದೇ ರೀತಿ ಮತ್ತೆ ನೋಡಲಾಯಿತು. ಹೊಸ ದಾರಿಯಿದ್ದಷ್ಟು ಉದ್ದಕ್ಕೂ ಜನ ರಸ್ತೆಗೆ ಇಳಿಯುವುದು ಬಹುಮಟ್ಟಿಗೆ ನಿಂತಿತ್ತು. ಎದುರು ಬದಿಯಲ್ಲಿ ನಡೆಯುತ್ತಿದ್ದವರೂ ದಾಟಿ ಇತ್ತ ಬರುತ್ತಿದ್ದರು. ಇದರಿಂದ ಆಸ್ಪತ್ರೆಯ ಮುಂದೆ ರಸ್ತೆ ದಾಟುವವರು ಹೆಚ್ಚಾಗಿ, ಅಲ್ಲೊಂದು ಎತ್ತರಿಸಿದ ದಾಟುಪಟ್ಟಿ ಬೇಕಾಯಿತು. ಅದು ಮೂಲ ಯೋಜನೆಯಲ್ಲಿರಲಿಲ್ಲ. ಶಾಲಾ ಮಕ್ಕಳು ಗುಂಪಾಗಿ ನಡೆದು ಹೋಗತೊಡಗಿದ್ದು ಯಾರೂ ನಿರೀಕ್ಷಿಸದ ಫಲ. ಹತ್ತಿರದ ಬಾಡಿಗೆ ತಪ್ಪಿತೆಂದು ಆಟೋ ಚಾಲಕರು ದೂರಿದರು, ಅವರ ದೂರಿನಲ್ಲಿ ಹುರುಳಿತ್ತು. ಸೊಪ್ಪಿನವರಲ್ಲಿ ಇಬ್ಬರು ಹೊಸ ಜಾಗದಲ್ಲಿ ವ್ಯಾಪಾರ ಸಾಲದೆಂದು ಮಾರುಕಟ್ಟೆಯೊಳಗೆ ಹೋದರು.

ಸಕ್ಕರೆ ಕಾಯಿಲೆಯವರ ಸಕ್ಕರೆ ಇಳಿಯಿತೇ ಎಂದು ಕೇಳುವವರಿದ್ದಾರೆ. ಒಂದು ಮಳೆಗಾಲದಲ್ಲಿ, ಒಂದು ದಾರಿಯ ಬಲದ ಮೇಲೆ ಹಾಗೆ ಹೇಳಿಕೊಳ್ಳುವುದು ಅಪ್ರಾಮಾಣಿಕತೆಯಾಗುತ್ತದೆ. ಊಟ, ಔಷಧ, ಮನೆಯ ಕಷ್ಟಸುಖ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಶುಶ್ರೂಷಕಿ ಗಮನಿಸಿದ್ದು ಬೇರೊಂದು: ಮಾತ್ರೆ ತೆಗೆದುಕೊಳ್ಳಲು ಮನೆಯ ಹುಡುಗರನ್ನು ಕಳಿಸುತ್ತಿದ್ದ ಕೆಲವು ವಯಸ್ಸಾದವರು ಜುಲೈ, ಆಗಸ್ಟ್‌ನಲ್ಲೂ ತಾವೇ ಬರತೊಡಗಿದರು. ಅವರೇ ಬಂದರೆ ರಕ್ತದೊತ್ತಡ ಅಳೆಯಬಹುದು, ಕಾಲಿನ ಗಾಯ ನೋಡಬಹುದು. ನಡಿಗೆಯ ಲಾಭಕ್ಕಿಂತ ಮೊದಲು ಕಂಡದ್ದು ತಪಾಸಣೆಯ ಲಾಭ, ಮತ್ತು ಇಂಥ ಕಾಮಗಾರಿಗಳನ್ನು ಅಳೆಯುವಾಗ ಆಸ್ಪತ್ರೆಯ ದಾಖಲೆಯಲ್ಲಿ ನೋಡಬೇಕಾದ ಮೊದಲ ವಿಷಯವೂ ಇದೇ ಎಂದು ನನ್ನ ಅಭಿಪ್ರಾಯ.

ಬೇರೆ ಪಟ್ಟಣಗಳವರು ಈ ಕೆಲಸ ನೋಡಲು ಬಂದಾಗ ಚಪ್ಪಡಿಯ ಅಳತೆ ಬರೆದುಕೊಂಡು ಹೋಗುತ್ತಾರೆ. ಅಳತೆಗಿಂತ ಮುಖ್ಯವಾಗಿ ಅವರು ಕೇಳಬೇಕಾದದ್ದು ಸಮೀಕ್ಷೆ ಯಾವ ತಿಂಗಳಲ್ಲಿ ನಡೆಯಿತು, ಚರಂಡಿ ಸ್ವಚ್ಛ ಮಾಡುವವರು ಯಾವ ಹಂತದಲ್ಲಿ ಸಭೆಗೆ ಬಂದರು, ಉಜ್ಜುವ ಕೆಲಸದ ಹಣ ಎರಡನೇ ವರ್ಷವೂ ಉಳಿಯಿತೇ ಎಂಬ ಪ್ರಶ್ನೆಗಳನ್ನು. ಎರಡನೇ ವರ್ಷ ಅದು ಉಳಿಯಿತು, ಮೊತ್ತ ಮಾತ್ರ ಕಡಿತವಾಯಿತು. ಆಗಸ್ಟ್‌ನ ಸರದಿ ತಪ್ಪಿ, ಶಾಲೆಯ ಮುಂದಿನ ನೆರಳಿನ ತುಂಡು ಮತ್ತೆ ಜಾರತೊಡಗಿತು.

ಪೂರ್ತಿಯಾಗದೆ ಉಳಿದಿರುವುದು ಬಸ್ ನಿಲ್ದಾಣಕ್ಕೆ ಹತ್ತಿರದ ಹೆದ್ದಾರಿಯ ಭಾಗ. ಊರಿಗೆ ಬಂದವರೆಲ್ಲ ಮೊದಲು ಕಾಲಿಡುವುದು ಅಲ್ಲೇ, ಮತ್ತು ಈಗಲೂ ಅಲ್ಲಿ ಡಾಂಬರಿನ ಅಂಚಿನಲ್ಲೇ ನಡೆಯಬೇಕು. ರಸ್ತೆಯ ಒಡೆತನ ಹೊಂದಿರುವ ಇಲಾಖೆ ಜಂಟಿ ಸ್ಥಳ ಪರಿಶೀಲನೆಗೆ ಒಪ್ಪಿ, ಮಳೆ ಮುಗಿದ ಮೇಲೆ ಡಿಸೆಂಬರ್‌ನಲ್ಲಿ ಇಟ್ಟುಕೊಳ್ಳೋಣವೆಂದು ಬರೆದಿತ್ತು. ಪರಿಶೀಲನೆಯನ್ನು ಜುಲೈ ಕೊನೆಯ ವಾರದಲ್ಲಿ, ಬೆಳಿಗ್ಗೆ ಒಂಬತ್ತು ಗಂಟೆಯ ಬಸ್ಸುಗಳು ಬರುವ ಹೊತ್ತಿಗೆ ನಡೆಸಬೇಕೆಂದು ಪಟ್ಟಣ ಪಂಚಾಯಿತಿ ಉತ್ತರ ಕಳಿಸಿದೆ.